ಕೇಳಿದವರಿದ್ದರು, ತಡೆಯುವವರಿರಲಿಲ್ಲ: ಸೊಸಿಯೆತೆ ಜೆನೆರಾಲ್ ಪ್ರಕರಣ, 2008

2008ರ ಜನವರಿ 24, ಗುರುವಾರ ಬೆಳಿಗ್ಗೆ ಪ್ಯಾರಿಸ್ ಷೇರುಪೇಟೆಯಲ್ಲಿ ಸೊಸಿಯೆತೆ ಜೆನೆರಾಲ್ ಬ್ಯಾಂಕಿನ ಷೇರು ವಹಿವಾಟಿಗೆ ತೆರೆಯಲಿಲ್ಲ. ಬದಲಿಗೆ ಬ್ಯಾಂಕಿನ ಪ್ರಕಟಣೆಯೊಂದು ಹೊರಬಿತ್ತು: ತನ್ನದೇ ಒಬ್ಬ ಟ್ರೇಡರ್ ಅನುಮತಿಯಿಲ್ಲದೆ ನಡೆಸಿದ ವಹಿವಾಟಿನಿಂದ 490 ಕೋಟಿ ಯೂರೋ ನಷ್ಟವಾಗಿದೆ. 1864ರಲ್ಲಿ ಹುಟ್ಟಿದ, ಫ್ರಾನ್ಸಿನ ಅತಿ ದೊಡ್ಡ ಬ್ಯಾಂಕುಗಳಲ್ಲೊಂದಾದ ಸಂಸ್ಥೆಗೆ ಈ ಹೊಡೆತ ಕೊಟ್ಟವನು 31 ವರ್ಷದ ಜೆರೋಮ್ ಕೆರ್ವಿಯೆಲ್.

ಪತ್ರಿಕೆಗಳೆಲ್ಲ ಆತನ ಬೆನ್ನು ಹತ್ತಿದವು. ಊರು ಯಾವುದು, ಓದಿದ್ದು ಎಲ್ಲಿ, ಇಷ್ಟು ದೊಡ್ಡ ಧೈರ್ಯ ಎಲ್ಲಿಂದ ಬಂತು ಎಂಬುದೇ ಸುದ್ದಿಯಾಯಿತು. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಒಳಗನ್ನು ತಿಳಿಯಬೇಕೆನ್ನುವವರು ನೋಡಬೇಕಾದದ್ದು ಆತನನ್ನಲ್ಲ, ಆತನ ಸುತ್ತಲಿದ್ದವರನ್ನು. ಆ ಬ್ಯಾಂಕಿನಲ್ಲಿ ಫ್ರಂಟ್ ಆಫೀಸ್, ಮಿಡಲ್ ಆಫೀಸ್, ಬ್ಯಾಕ್ ಆಫೀಸ್ ಮೂರೂ ಇದ್ದವು. ಮೂರರಲ್ಲೂ ಬೇರೆ ಬೇರೆ ಜನರಿದ್ದರು. ದಿನವೂ ತಪಾಸಣೆ ನಡೆಯುತ್ತಿತ್ತು. ಬ್ಯಾಂಕಿನ ಆಂತರಿಕ ತನಿಖಾ ವಿಭಾಗ ಆಮೇಲೆ ಕೂತು ಎಣಿಸಿದಾಗ, 2006ರ ಮಧ್ಯದಿಂದ 2008ರ ಜನವರಿಯವರೆಗೆ ಕೆರ್ವಿಯೆಲ್ ವಹಿವಾಟಿನ ಬಗ್ಗೆ ಎದ್ದ ಎಚ್ಚರಿಕೆಗಳು ಎಪ್ಪತ್ತಕ್ಕೂ ಹೆಚ್ಚು ಸಿಕ್ಕವು. ಯಾರೂ ನೋಡಲಿಲ್ಲ ಎನ್ನುವ ಹಾಗಿಲ್ಲ. ನೋಡಿದರು, ಕೇಳಿದರು, ಉತ್ತರ ಬರೆದುಕೊಂಡರು, ಮುಂದಿನ ಕೆಲಸಕ್ಕೆ ಹೋದರು.

ಒಂದು ಟ್ರೇಡ್ ಹಾದುಹೋಗುವ ದಾರಿ

ಮೊದಲು ಈ ಮೂರು ಆಫೀಸುಗಳ ಕೆಲಸವನ್ನು ನೋಡೋಣ. ಇಲ್ಲದಿದ್ದರೆ ಕೆರ್ವಿಯೆಲ್ ಮಾಡಿದ್ದು ಅರ್ಥವಾಗುವುದಿಲ್ಲ.

ಫ್ರಂಟ್ ಆಫೀಸ್ ಎಂದರೆ ಆದಾಯ ತರುವವರು. ಕಂಪನಿಗಳ ವಿಲೀನ, ಖರೀದಿಗೆ ಸಲಹೆ ಕೊಡುವ ಬ್ಯಾಂಕರುಗಳು, ಐಪಿಓ ತಂದು ಅಥವಾ ಬಾಂಡ್ ಮಾರಿ ಬಂಡವಾಳ ಎತ್ತಿಕೊಡುವವರು, ದೊಡ್ಡ ಗ್ರಾಹಕರ ಜೊತೆ ಮಾತಾಡುವ ಸೇಲ್ಸ್‌ನವರು, ಷೇರು, ಕರೆನ್ಸಿ, ಡೆರಿವೇಟಿವ್‌ಗಳನ್ನು (ಇನ್ನೊಂದರ ಬೆಲೆಯ ಮೇಲೆ ನಿಂತ ಒಪ್ಪಂದಗಳನ್ನು) ಕೊಂಡು ಮಾರುವ ಟ್ರೇಡರುಗಳು, ಕಂಪನಿಗಳನ್ನು ಅಳೆದು ವರದಿ ಬರೆಯುವ ರಿಸರ್ಚ್‌ನವರು ಇವರೆಲ್ಲ ಇಲ್ಲಿಗೆ ಸೇರುತ್ತಾರೆ. ಇವರೊಳಗೂ ಗೋಡೆಗಳಿವೆ. ನಾಳೆ ಪ್ರಕಟವಾಗಲಿರುವ ವಿಲೀನದ ವಿಷಯ ಗೊತ್ತಿರುವ ಬ್ಯಾಂಕರು ಅದೇ ಕಂಪನಿಯ ಷೇರು ಮಾರುವ ಟ್ರೇಡರಿಗೆ ಬಾಯಿ ಬಿಟ್ಟರೆ ಅದು ಅಪರಾಧ.

ಮಿಡಲ್ ಆಫೀಸ್ ಟ್ರೇಡರ್ ಪಕ್ಕದಲ್ಲೇ ಕೂತಿರುತ್ತದೆ, ಆದರೆ ಆತನ ಕೈಕೆಳಗಲ್ಲ. ಟ್ರೇಡ್ ಸರಿಯಾಗಿ ಬುಕ್ ಆಗಿದೆಯೇ, ಮಿತಿಯೊಳಗಿದೆಯೇ, ಸಂಜೆಯ ಲಾಭ ನಷ್ಟ ಎಷ್ಟು, ಆ ಲಾಭ ಎಲ್ಲಿಂದ ಬಂತು ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ರಿಸ್ಕ್ ವಿಭಾಗವನ್ನೂ ಬಹಳ ಕಡೆ ಇದರ ಜೊತೆಗೇ ಸೇರಿಸುತ್ತಾರೆ.

ಬ್ಯಾಕ್ ಆಫೀಸ್ ಹಣ ಮತ್ತು ಕಾಗದದ ಜಾಗ. ಎದುರು ಪಕ್ಷದವರಿಂದ ಕನ್ಫರ್ಮೇಷನ್ (ಹೌದು, ಈ ಟ್ರೇಡ್ ನಡೆದಿದೆ ಎಂಬ ದೃಢೀಕರಣ) ತರಿಸುವುದು, ದುಡ್ಡು ಕಳಿಸಿ ಷೇರು ಪಡೆಯುವುದು, ಎಕ್ಸ್‌ಚೇಂಜಿಗೆ ಮಾರ್ಜಿನ್, ಅಂದರೆ ಭದ್ರತೆಯ ಹಣ, ಕಟ್ಟುವುದು, ನಮ್ಮ ಪುಸ್ತಕವನ್ನೂ ಅವರ ಪುಸ್ತಕವನ್ನೂ ಎದುರುಬದುರಾಗಿ ಇಟ್ಟು ತಾಳೆ ನೋಡುವುದು. ಈ ತಾಳೆ ನೋಡುವ ಕೆಲಸಕ್ಕೆ ಬೆಂಗಳೂರಿನ ಆಪರೇಷನ್ಸ್ ತಂಡಗಳಲ್ಲಿ ರೆಕಾನ್ ಎನ್ನುತ್ತಾರೆ; ತಾಳೆಯಾಗದೆ ಉಳಿದ ಸಾಲಿಗೆ ಬ್ರೇಕ್ ಎನ್ನುತ್ತಾರೆ. ಬಿಕಾಂ ಮುಗಿಸಿ ಈ ಕ್ಷೇತ್ರಕ್ಕೆ ಬರುವ ಎಷ್ಟೋ ಹುಡುಗ ಹುಡುಗಿಯರ ಮೊದಲ ಕೆಲಸವೇ ಬ್ರೇಕ್ ಹಿಡಿಯುವುದು.

ಟ್ರೇಡರ್ ಒಬ್ಬ ಫ್ರಾಂಕ್‌ಫರ್ಟ್‌ನ ಯೂರೆಕ್ಸ್ ಎಕ್ಸ್‌ಚೇಂಜಿನಲ್ಲಿ ಜರ್ಮನಿಯ ಡ್ಯಾಕ್ಸ್ ಸೂಚ್ಯಂಕದ ನೂರು ಫ್ಯೂಚರ್ಸ್ (ಮುಂದಿನ ಒಂದು ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದಗಳು) ಕೊಂಡ ಎಂದಿಟ್ಟುಕೊಳ್ಳಿ. ಕೊಂಡ ಕ್ಷಣದಲ್ಲಿ ಅದು ಆತ ಸಿಸ್ಟಮ್‌ಗೆ ಹಾಕಿದ ಒಂದು ಸಾಲು, ಅಷ್ಟೇ. ಸಂಜೆಗೆ ಮಿಡಲ್ ಆಫೀಸ್ ಆ ಸಾಲಿಗೆ ಎಕ್ಸ್‌ಚೇಂಜಿನ ಮುಕ್ತಾಯದ ಬೆಲೆ ಹಾಕಿ ಲಾಭ ನಷ್ಟ ತೆಗೆಯುತ್ತದೆ. ಎಕ್ಸ್‌ಚೇಂಜ್ ಕಡೆಯಿಂದ ಬರುವ ಪಟ್ಟಿಯಲ್ಲಿ ಅದೇ ನೂರು ಇದೆಯೇ ಎಂದು ಬ್ಯಾಕ್ ಆಫೀಸ್ ನೋಡುತ್ತದೆ, ಮಾರ್ಜಿನ್ ಹಣ ಕಟ್ಟುತ್ತದೆ. ಟ್ರೇಡರ್ ಹೇಳಿದ ಮಾತಿಗೆ ಟ್ರೇಡರ್ ಅಲ್ಲದ ಬೇರೊಬ್ಬರಿಂದ ಸಾಕ್ಷ್ಯ ತರುವುದು ಈ ಇಡೀ ಏರ್ಪಾಡಿನ ಉದ್ದೇಶ. ಹಳ್ಳಿಯ ಹಾಲಿನ ಡೇರಿಯಲ್ಲಿ ಹಾಲು ಅಳೆಯುವವರೇ ದುಡ್ಡೂ ಹಂಚಿ ಲೆಕ್ಕವನ್ನೂ ಬರೆಯುವಂತಿಲ್ಲವಲ್ಲ, ಹಾಗೆ.

ಈ ವಿಂಗಡಣೆ ಎಷ್ಟು ಮುಖ್ಯ ಎಂಬುದನ್ನು ಜಗತ್ತಿನ ಬ್ಯಾಂಕುಗಳು 1995ರಲ್ಲೇ ಕಲಿತಿದ್ದವು. 1762ರಷ್ಟು ಹಳೆಯದಾದ ಲಂಡನ್ನಿನ ಬೇರಿಂಗ್ಸ್ ಬ್ಯಾಂಕಿನ ಸಿಂಗಪುರ ಶಾಖೆಯಲ್ಲಿ ನಿಕ್ ಲೀಸನ್ ಟ್ರೇಡಿಂಗನ್ನೂ ಮಾಡುತ್ತಿದ್ದ, ಅದರ ಸೆಟಲ್‌ಮೆಂಟನ್ನೂ, ಅಂದರೆ ಬ್ಯಾಕ್ ಆಫೀಸಿನ ಕೆಲಸವನ್ನೂ, ನೋಡುತ್ತಿದ್ದ. 88888 ಎಂಬ ಸಂಖ್ಯೆಯ ಖಾತೆಯೊಂದರಲ್ಲಿ ನಷ್ಟವನ್ನೆಲ್ಲ ಅಡಗಿಸಿಟ್ಟ. ಕೊನೆಗೆ 80 ಕೋಟಿ ಪೌಂಡಿಗೂ ಮೀರಿದ ನಷ್ಟದಿಂದ ಬ್ಯಾಂಕು ಮುಳುಗಿ, ಡಚ್ಚರ ಐಎನ್‌ಜಿ ಅದನ್ನು ಒಂದು ಪೌಂಡಿಗೆ ಕೊಂಡಿತು. ಫ್ರಂಟನ್ನೂ ಬ್ಯಾಕನ್ನೂ ಒಬ್ಬರ ಕೈಗೆ ಕೊಡಬಾರದು ಎಂಬುದು ಆಮೇಲೆ ಎಲ್ಲ ಕಡೆಯೂ ಕಟ್ಟುನಿಟ್ಟಿನ ನಿಯಮವಾಯಿತು. ಸೊಸಿಯೆತೆ ಜೆನೆರಾಲ್ ಕೂಡ ಅದನ್ನು ಪಾಲಿಸುತ್ತಿತ್ತು. ಹಾಗಾಗಿಯೇ ನನಗೆ ಲೀಸನ್ ಪ್ರಕರಣಕ್ಕಿಂತ ಕೆರ್ವಿಯೆಲ್ ಪ್ರಕರಣ ಹೆಚ್ಚು ಕಲಿಸುತ್ತದೆ ಎನಿಸುವುದು. ಅಲ್ಲಿ ಗೋಡೆಯೇ ಇರಲಿಲ್ಲ. ಇಲ್ಲಿ ಗೋಡೆ ಇತ್ತು.

ಹಿಂದಿನ ಸಾಲಿನಿಂದ ಬಂದವನು

ಕೆರ್ವಿಯೆಲ್ ಫ್ರಾನ್ಸಿನ ಬ್ರಿಟನಿ ಸೀಮೆಯ ಹುಡುಗ. ಟ್ರೇಡಿಂಗ್ ರೂಮಿಗೆ ಸಾಮಾನ್ಯವಾಗಿ ಪ್ಯಾರಿಸ್‌ನ ಹೆಸರಾಂತ ಎಂಜಿನಿಯರಿಂಗ್ ವಿದ್ಯಾಲಯಗಳಿಂದ ಜನ ಬರುತ್ತಿದ್ದರು. ಈತ ಅಲ್ಲಿಯವನಲ್ಲ, ಲಿಯೋನ್ ವಿಶ್ವವಿದ್ಯಾಲಯದಲ್ಲಿ ಓದಿದವನು, ಅದೂ ಬ್ಯಾಂಕಿನ ಆಪರೇಷನ್ಸ್‌ಗೆ ಬೇಕಾದ ವಿಷಯವನ್ನು. 2000ದಲ್ಲಿ ಮಿಡಲ್ ಆಫೀಸಿಗೆ ಸೇರಿದ. ಆಮೇಲೆ ಟ್ರೇಡರುಗಳ ಸಹಾಯಕನಾದ. 2005ರಲ್ಲಿ ಡೆಲ್ಟಾ ಒನ್ ಎಂಬ ಡೆಸ್ಕಿನಲ್ಲಿ ಟ್ರೇಡರ್ ಕುರ್ಚಿ ಸಿಕ್ಕಿತು.

ಆ ಡೆಸ್ಕಿನ ಕೆಲಸ ಸಾಹಸದ್ದಲ್ಲ. ಒಂದೇ ಸೂಚ್ಯಂಕಕ್ಕೆ ಅಂಟಿಕೊಂಡ ಎರಡು ಬೇರೆ ಬೇರೆ ಪತ್ರಗಳ ಬೆಲೆಯಲ್ಲಿ ಪೈಸೆಗಳ ವ್ಯತ್ಯಾಸ ಕಂಡಾಗ ಅಗ್ಗದ್ದನ್ನು ಕೊಂಡು, ಅದೇ ಕ್ಷಣ ದುಬಾರಿಯದ್ದನ್ನು ಮಾರಬೇಕು. ಪೇಟೆ ಮೇಲೆ ಹೋದರೂ ಕೆಳಗೆ ಬಂದರೂ ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ನಡುವಿನ ಪೈಸೆಗಳು ಉಳಿಯುತ್ತವೆ. ಇಡೀ ತಂಡಕ್ಕೆ ಇದ್ದ ನಿವ್ವಳ ಮಿತಿ 12.5 ಕೋಟಿ ಯೂರೋ. ಕೊನೆಗೆ ಕೆರ್ವಿಯೆಲ್ ಒಬ್ಬನ ಹೆಸರಿನಲ್ಲಿ ಪತ್ತೆಯಾದ ಮೊತ್ತ ಸುಮಾರು 5,000 ಕೋಟಿ ಯೂರೋ. ಅದು ತಂಡದ ಮಿತಿಯ 400 ಪಟ್ಟು, ಆ ಹೊತ್ತಿಗೆ ಪೇಟೆಯಲ್ಲಿ ಇಡೀ ಬ್ಯಾಂಕಿಗಿದ್ದ ಬೆಲೆಗಿಂತಲೂ ಹೆಚ್ಚು.

ಆತ ಮಾಡಿದ್ದಿಷ್ಟು. ಜೋಡಿಯಲ್ಲಿ ಒಂದು ಕಾಲು ನಿಜದ್ದು, ಇನ್ನೊಂದು ಸುಳ್ಳು. ಡ್ಯಾಕ್ಸ್ ಫ್ಯೂಚರ್ಸನ್ನು ನಿಜವಾಗಿಯೇ ಕೊಂಡ. ಅದಕ್ಕೆ ಎದುರಾಗಿ ಮಾರಿದ್ದೇನೆ ಎಂದು ಸಿಸ್ಟಮ್‌ನಲ್ಲಿ ಒಂದು ಸಾಲು ಬರೆದ. ಆ ಮಾರಾಟ ನಡೆದೇ ಇರಲಿಲ್ಲ. ರಿಸ್ಕ್ ವಿಭಾಗದ ಪರದೆಯ ಮೇಲೆ ಕಾಣುತ್ತಿದ್ದುದು ಕೊಂಡದ್ದು ಮತ್ತು ಮಾರಿದ್ದರ ನಿವ್ವಳ. ಅದು ಸೊನ್ನೆಯ ಹತ್ತಿರವೇ ಇರುತ್ತಿತ್ತು. ಎರಡೂ ಕಡೆಯ ಒಟ್ಟು ಗಾತ್ರ ಎಷ್ಟಾಗಿದೆ ಎಂಬುದಕ್ಕೆ ಮಿತಿಯೇ ಇರಲಿಲ್ಲ. ಒಂದು ರೂಪಾಯಿ ಕೊಂಡು ಒಂದು ರೂಪಾಯಿ ಮಾರಿದರೂ ಸೊನ್ನೆ, ಸಾವಿರ ಕೋಟಿ ಕೊಂಡು ಸಾವಿರ ಕೋಟಿ ಮಾರಿದರೂ ಸೊನ್ನೆ.

ಸುಳ್ಳು ಸಾಲಿಗೆ ಕನ್ಫರ್ಮೇಷನ್ ಕೇಳುವವರು ಇರಲಿಲ್ಲವೇ? ಇದ್ದರು. ಇಲ್ಲೇ ಆತನ ಮಿಡಲ್ ಆಫೀಸ್ ವರ್ಷಗಳು ಕೆಲಸಕ್ಕೆ ಬಂದದ್ದು. ಯಾವ ಬಗೆಯ ಟ್ರೇಡಿಗೆ ಎಷ್ಟು ದಿನದ ನಂತರ ಕನ್ಫರ್ಮೇಷನ್ ಹೋಗುತ್ತದೆ, ಯಾವ ವರದಿ ತಿಂಗಳ ಕೊನೆಗೆ ಮಾತ್ರ ತೆಗೆಯುತ್ತಾರೆ, ಯಾವ ವಿಭಾಗ ಯಾವ ಕಾಲಮ್ ನೋಡುತ್ತದೆ ಎಂಬುದೆಲ್ಲ ಆತನಿಗೆ ಕರಗತ. ಹಾಗಾಗಿ ಕೆಲವು ದಿನದ ನಂತರ ಜಾರಿಗೆ ಬರುವ ಟ್ರೇಡುಗಳನ್ನು ಆರಿಸಿದ, ಏಕೆಂದರೆ ಅವುಗಳ ಕಾಗದ ತಕ್ಷಣ ಹೊರಡುವುದಿಲ್ಲ. ಕೌಂಟರ್‌ಪಾರ್ಟಿ (ಎದುರು ಪಕ್ಷ) ಎಂಬ ಜಾಗದಲ್ಲಿ ‘ಇನ್ನೂ ನಿರ್ಧಾರವಾಗಿಲ್ಲ’ ಎಂದು ಹಾಕಿದ, ಇಲ್ಲವೇ ಬ್ಯಾಂಕಿನದೇ ಗುಂಪಿನ ಒಂದು ಕಂಪನಿಯ ಹೆಸರು ಹಾಕಿದ. ಮನೆಯೊಳಗಿನ ವಹಿವಾಟಿಗೆ ಹೊರಗಿನದರಷ್ಟು ಬಿಗಿ ತಪಾಸಣೆ ಇರಲಿಲ್ಲ. ತಪಾಸಣೆಯ ದಿನ ಹತ್ತಿರ ಬಂದಾಗ ಆ ಸಾಲನ್ನು ರದ್ದು ಮಾಡಿ ಅಂಥದ್ದೇ ಇನ್ನೊಂದನ್ನು ಬರೆದ. ರದ್ದಾದ ಟ್ರೇಡುಗಳನ್ನು ಒಟ್ಟಿಗೆ ಇಟ್ಟು ಯಾಕಿಷ್ಟು ರದ್ದಾಗುತ್ತಿವೆ ಎಂದು ನೋಡುವ ಕೆಲಸ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಸುಳ್ಳು ಸಾಲುಗಳಿಗೆ ದುಡ್ಡು ಬೇಕಿಲ್ಲ, ನಿಜ. ನಿಜವಾದ ಫ್ಯೂಚರ್ಸಿಗೆ ಮಾರ್ಜಿನ್ ಕಟ್ಟಲೇಬೇಕು. ಆ ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತಲೇ ಇತ್ತು. ಎಕ್ಸ್‌ಚೇಂಜಿನ ವಹಿವಾಟು ಬ್ಯಾಂಕಿನ ಅಂಗಸಂಸ್ಥೆಯಾದ ಫಿಮ್ಯಾಟ್ ಮೂಲಕ ನಡೆಯುತ್ತಿತ್ತು. ಹಲವು ಡೆಸ್ಕುಗಳ ಮಾರ್ಜಿನ್ ಒಟ್ಟುಗೂಡಿ ಒಂದೇ ಮೊತ್ತವಾಗಿ ಸಾಗುತ್ತಿತ್ತು. ಇದರಲ್ಲಿ ಯಾವ ಟ್ರೇಡರ್ ಪಾಲು ಎಷ್ಟು ಎಂದು ಬಿಡಿಸಿ ನೋಡುವ ರೂಢಿ ಇರಲಿಲ್ಲ. ಹೊರಗೆ ಹೋಗುವ ಹಣ ಸುಳ್ಳು ಹೇಳುವುದಿಲ್ಲ. ಅದನ್ನು ಹೆಸರು ಹಾಕಿ ವಿಂಗಡಿಸಿದ ದಿನವೇ ಈ ಕಥೆ ಮುಗಿಯುತ್ತಿತ್ತು.

2007ರ ಮಧ್ಯಭಾಗದ ಹೊತ್ತಿಗೆ ಆತನ ಸ್ಥಾನ, ಅಂದರೆ ಮುಗಿಸದೆ ಹಿಡಿದಿಟ್ಟ ಪಂಥಗಳ ಒಟ್ಟು ಮೌಲ್ಯ, ಸಾವಿರಾರು ಕೋಟಿ ಯೂರೋಗೆ ಬೆಳೆದಿತ್ತು. ಆ ಬೇಸಿಗೆಯಲ್ಲಿ ಲೆಕ್ಕಕ್ಕೆ ಬಾರದ ನಷ್ಟ 200 ಕೋಟಿ ಯೂರೋ ದಾಟಿತ್ತು. ಆಮೇಲೆ ಅಮೆರಿಕದ ಗೃಹಸಾಲದ ಬಿಕ್ಕಟ್ಟಿನಿಂದ ಪೇಟೆಗಳು ಕುಸಿದವು, ಕುಸಿತದ ಮೇಲೆ ಆತ ಹೂಡಿದ್ದ ಪಂಥ ಫಲಿಸಿತು. ವರ್ಷದ ಕೊನೆಗೆ ಸುಮಾರು 150 ಕೋಟಿ ಯೂರೋ ಲಾಭದಲ್ಲಿದ್ದ. ಇದರಲ್ಲಿ ತೋರಿಸಿದ್ದು 5.5 ಕೋಟಿ ಮಾತ್ರ. ಉಳಿದ ಲಾಭವನ್ನು ಅಡಗಿಸಲು ಮತ್ತೆ ಸುಳ್ಳು ನಷ್ಟದ ಸಾಲುಗಳನ್ನು ಬರೆಯಬೇಕಾಯಿತು. ನಷ್ಟ ಮುಚ್ಚಿಡುವವರ ಬಗ್ಗೆ ಕೇಳಿದ್ದೇವೆ. ಈತ ಲಾಭವನ್ನೂ ಮುಚ್ಚಿಡಬೇಕಾದ ಸ್ಥಿತಿಗೆ ಬಂದಿದ್ದ. ಆ ಗಾತ್ರದ ಲಾಭ ಆ ಡೆಸ್ಕಿನ ಅನುಮತಿಯೊಳಗಿನ ಕೆಲಸದಿಂದ ಬರಲು ಸಾಧ್ಯವೇ ಇರಲಿಲ್ಲ.

ತೋರಿಸಿದ 5.5 ಕೋಟಿಯೂ ಅನುಮಾನ ಹುಟ್ಟಿಸಬೇಕಿತ್ತು. ಪೈಸೆಗಳ ವ್ಯತ್ಯಾಸದಿಂದ ಬದುಕುವ ಡೆಸ್ಕಿನಲ್ಲಿ, ಎರಡು ಮೂರು ವರ್ಷದ ಅನುಭವದವನು ಅಷ್ಟು ಗಳಿಸಿದ್ದು ಹೇಗೆ? ಲಾಭ ಎಷ್ಟು ಎನ್ನುವುದಕ್ಕಿಂತ ಯಾವುದರಿಂದ ಬಂತು ಎಂದು ಕೇಳುವುದೇ ಮಿಡಲ್ ಆಫೀಸಿನ ಜೀವಾಳ. ನಷ್ಟವಾದಾಗ ಎಲ್ಲರೂ ಕೇಳುತ್ತಾರೆ. ಲಾಭವಾದಾಗ ಕೇಳಲು ಸಂಸ್ಥೆಯ ಬೆಂಬಲ ಬೇಕು.

ಪ್ರಶ್ನೆಗಳು ಹೋದದ್ದೆಲ್ಲಿಗೆ

ಎಚ್ಚರಿಕೆಗಳು ಒಂದೇ ಮೂಲೆಯಿಂದ ಬಂದವಲ್ಲ. ಟ್ರೇಡ್ ಸಪೋರ್ಟ್‌ನವರಿಗೆ ಕೌಂಟರ್‌ಪಾರ್ಟಿ ಇಲ್ಲದ ಟ್ರೇಡುಗಳು ಕಂಡವು. ಲೆಕ್ಕಪತ್ರ ವಿಭಾಗಕ್ಕೆ ಫ್ರಂಟ್ ಆಫೀಸಿನ ಅಂಕಿಯೂ ತನ್ನ ಅಂಕಿಯೂ ತಾಳೆಯಾಗಲಿಲ್ಲ. ಬ್ರೋಕರುಗಳಿಗೆ ಹೋಗುವ ಶುಲ್ಕ ಏರಿದ್ದೂ ಕಂಡಿತು. ಪೇಟೆಗೆ ರಜೆಯಿರುವ ಶನಿವಾರದಂದು ಮುಕ್ತಾಯವಾಗುವ ಟ್ರೇಡೊಂದು ಪುಸ್ತಕದಲ್ಲಿತ್ತು. ಇಂಥ ಒಂದೊಂದೂ ಒಬ್ಬೊಬ್ಬರ ಮೇಜಿನ ಮೇಲೆ ಬಂತು. ಅವರು ಕೇಳಿದ್ದು ಕೆರ್ವಿಯೆಲ್‌ನನ್ನೇ.

ಆತನ ಉತ್ತರಗಳ ಧಾಟಿಯನ್ನು ಈ ಕೆಲಸದಲ್ಲಿರುವವರು ಕಣ್ಣುಮುಚ್ಚಿ ಊಹಿಸಬಲ್ಲರು. ಬುಕಿಂಗ್‌ನಲ್ಲಿ ತಪ್ಪಾಗಿದೆ, ಸರಿ ಮಾಡುತ್ತೇನೆ. ಇದು ಮಾಡೆಲ್‌ನ ಸಮಸ್ಯೆ. ಎದುರು ಪಕ್ಷದವರ ಹೆಸರು ನಾಳೆ ಬರುತ್ತದೆ. ತಾಂತ್ರಿಕ ಪದಗಳು ತುಂಬಿದ, ಅರ್ಧ ಅರ್ಥವಾಗುವ ವಿವರಣೆ. ಅಷ್ಟಕ್ಕೂ ಒಪ್ಪದಿದ್ದವರಿಗೆ ತಾನೇ ಸೃಷ್ಟಿಸಿದ ಇಮೇಲ್ ತೋರಿಸಿದ. ವಿವರಣೆ ಕೊಟ್ಟ ಮೇಲೆ ಆ ಸಾಲನ್ನು ರದ್ದು ಮಾಡುತ್ತಿದ್ದ. ಬ್ರೇಕ್ ಮಾಯ. ಬ್ರೇಕ್ ಮಾಯವಾದರೆ ಆಪರೇಷನ್ಸ್ ಲೆಕ್ಕದಲ್ಲಿ ಕೆಲಸ ಮುಗಿದಂತೆ. ಸಮಸ್ಯೆ ಬಗೆಹರಿಯಿತೇ, ಅಥವಾ ಕಣ್ಣಿನಿಂದ ಸರಿಯಿತೇ ಎಂದು ಕೇಳಲು ಫಾರಂನಲ್ಲಿ ಜಾಗವಿರಲಿಲ್ಲ.

ಬ್ಯಾಂಕಿನ ಆಂತರಿಕ ತನಿಖೆ ಹೇಳಿದ್ದೂ ಇದನ್ನೇ. ತಪಾಸಣೆ ಮಾಡುವವರು ವಿಧಿಸಿದ ಕ್ರಮವನ್ನು ಹೆಚ್ಚುಕಡಿಮೆ ಪಾಲಿಸಿದ್ದರು. ಆದರೆ ಕೆರ್ವಿಯೆಲ್ ಮಾತು ನಂಬುವಂತಿಲ್ಲದಿದ್ದಾಗಲೂ ಅದು ನಿಜವೇ ಎಂದು ಮುಂದಕ್ಕೆ ಹೋಗಿ ನೋಡಲಿಲ್ಲ. ಬಹಳ ಸಲ ಮೇಲಿನವರಿಗೂ ತಿಳಿಸಲಿಲ್ಲ. ಆ ವರ್ಷಗಳಲ್ಲಿ ಡೆರಿವೇಟಿವ್ ವಹಿವಾಟು ಭರದಿಂದ ಏರುತ್ತಿತ್ತು. ಹಿಂದಿನ ಸಾಲಿನಲ್ಲಿ, ಅಂದರೆ ಮಿಡಲ್, ಬ್ಯಾಕ್ ಆಫೀಸುಗಳಲ್ಲಿ, ಇದ್ದವರ ಸಂಖ್ಯೆ ಆ ವೇಗಕ್ಕೆ ಸಾಲುತ್ತಿರಲಿಲ್ಲ. ದಿನಕ್ಕೆ ರಾಶಿ ರಾಶಿ ಬ್ರೇಕ್ ತೀರಿಸಬೇಕಾದವರು ಒಂದೇ ಬ್ರೇಕಿನ ಹಿಂದೆ ಬಿದ್ದರೆ ಸಂಜೆಯ ಪಟ್ಟಿಯಲ್ಲಿ ಅವರದೇ ಹೆಸರು ಹಿಂದುಳಿಯುತ್ತದೆ. ಈ ಸಂಕಟ ನನಗೆ ಅರ್ಥವಾಗುತ್ತದೆ, ಅದಕ್ಕಾಗಿ ಆ ಗುಮಾಸ್ತರನ್ನು ದೂಷಿಸಲು ಮನಸ್ಸು ಬರುವುದಿಲ್ಲ.

ಇನ್ನೊಂದು ಕಡೆ, ಟ್ರೇಡಿಂಗ್ ಡೆಸ್ಕಿನೊಳಗೇ ಮೇಲ್ವಿಚಾರಣೆ ಸಡಿಲವಾಗಿತ್ತು. 2007ರ ಜನವರಿಯಲ್ಲಿ ಕೆರ್ವಿಯೆಲ್‌ನ ನೇರ ಮೇಲಧಿಕಾರಿ ಕೆಲಸ ಬಿಟ್ಟರು. ಏಪ್ರಿಲ್‌ವರೆಗೆ ಆ ಕುರ್ಚಿ ಖಾಲಿ. ಆಮೇಲೆ ಬಂದವರಿಗೆ ಟ್ರೇಡಿಂಗ್‌ನ ಅನುಭವ ಇರಲಿಲ್ಲ. ಸುಳ್ಳು ಸಾಲುಗಳು ಬೃಹತ್ತಾಗಿ ಬೆಳೆದದ್ದು ಆ ತಿಂಗಳುಗಳಿಂದಲೇ.

ಅತ್ಯಂತ ಗಟ್ಟಿಯಾದ ಎಚ್ಚರಿಕೆ ಹೊರಗಿನಿಂದ ಬಂತು. 2007ರ ನವೆಂಬರ್‌ನಲ್ಲಿ ಯೂರೆಕ್ಸ್ ಎಕ್ಸ್‌ಚೇಂಜ್ ತಾನಾಗಿಯೇ ಬ್ಯಾಂಕಿಗೆ ಪತ್ರ ಬರೆದು ಕೆರ್ವಿಯೆಲ್ ಹೆಸರಿನ ವಹಿವಾಟಿನ ತಂತ್ರವೇನು ಎಂದು ಕೇಳಿತು. ಪತ್ರ ಬಂದದ್ದು ಸರಿಯಾದ ಜಾಗಕ್ಕೇ, ನಿಯಮಪಾಲನೆ ನೋಡುವ ಕಂಪ್ಲಯನ್ಸ್ ವಿಭಾಗಕ್ಕೆ. ಅಲ್ಲಿಯವರು ಡೆಸ್ಕನ್ನು ಕೇಳಿದರು. ಡೆಸ್ಕಿನಿಂದ ಬಂದ ವಿವರಣೆಯೇ ಉತ್ತರವಾಗಿ ಯೂರೆಕ್ಸಿಗೆ ಹೋಯಿತು. ಅವರಿಗೆ ಅದು ಸಾಲದೆ ಅದೇ ತಿಂಗಳ ಕೊನೆಯಲ್ಲಿ ಮತ್ತೊಂದು ಪತ್ರ ಬರೆದರು. ಮತ್ತೆ ಅದೇ ದಾರಿಯಲ್ಲಿ ಅದೇ ಬಾವಿಯಿಂದ ಉತ್ತರ ಬಂತು. ಈ ಒಂದು ಘಟನೆಯಲ್ಲಿ ಇಡೀ ಪ್ರಕರಣವಿದೆ ಎನ್ನುತ್ತೇನೆ. ಪ್ರಶ್ನೆ ಕೇಳುವ ವಿಭಾಗ ಇತ್ತು, ಅದು ಸ್ವತಂತ್ರವೂ ಆಗಿತ್ತು, ಆದರೆ ಉತ್ತರ ಬರುವ ಮೂಲ ಮಾತ್ರ ಸ್ವತಂತ್ರವಾಗಿರಲಿಲ್ಲ.

ಆ ವಾರಾಂತ್ಯ

ಹೊಸ ವರ್ಷ ಬರುತ್ತಲೇ ಕೆರ್ವಿಯೆಲ್ ಪಂಥ ತಿರುಗಿಸಿದ. ಪೇಟೆ ಏರುತ್ತದೆ ಎಂದು ಯೂರೋಪಿನ ಯೂರೋ ಸ್ಟಾಕ್ಸ್ ಸೂಚ್ಯಂಕದ ಮೇಲೆ ಸುಮಾರು 3,000 ಕೋಟಿ, ಡ್ಯಾಕ್ಸ್ ಮೇಲೆ 1,800 ಕೋಟಿ, ಲಂಡನ್ನಿನ ಎಫ್‌ಟಿಎಸ್‌ಇ ಮೇಲೆ 200 ಕೋಟಿ ಯೂರೋ ಮೌಲ್ಯದ ಫ್ಯೂಚರ್ಸ್ ಕೊಂಡ. ಪೇಟೆ ಇಳಿಯಿತು.

ಸಿಕ್ಕಿಬಿದ್ದದ್ದು ಆತ ಅಷ್ಟಾಗಿ ಲೆಕ್ಕಿಸದಿದ್ದ ಕಡೆಯಿಂದ. ವರ್ಷದ ಕೊನೆಗೆ ಬ್ಯಾಂಕುಗಳು ತಾವು ಯಾರ್ಯಾರಿಗೆ ಎಷ್ಟು ಅಪಾಯ ಒಡ್ಡಿಕೊಂಡಿದ್ದೇವೆ ಎಂದು ಲೆಕ್ಕ ಹಾಕಿ ಅದಕ್ಕೆ ತಕ್ಕ ಬಂಡವಾಳ ಇಡಬೇಕು. ಆ ಲೆಕ್ಕದಲ್ಲಿ ಜರ್ಮನಿಯ ಒಂದು ಮಧ್ಯಮ ಗಾತ್ರದ ಬ್ರೋಕರ್ ಸಂಸ್ಥೆಯ ಹೆಸರಿನಲ್ಲಿ ಹೊಂದದಷ್ಟು ದೊಡ್ಡ ಮೊತ್ತ ಎದ್ದು ಕಂಡಿತು. ಸುಳ್ಳು ಟ್ರೇಡುಗಳಿಗೆ ಕೆರ್ವಿಯೆಲ್ ಬಳಸಿದ್ದ ಹೆಸರು ಅದು. ಕೇಳಿದಾಗ, ತಪ್ಪಾಗಿ ಬರೆದಿದ್ದೇನೆ, ನಿಜವಾದ ಕೌಂಟರ್‌ಪಾರ್ಟಿ ಒಂದು ದೊಡ್ಡ ಜರ್ಮನ್ ಬ್ಯಾಂಕು ಎಂದ. ಜನವರಿ 18ರ ಶುಕ್ರವಾರ ಮೇಲಧಿಕಾರಿಗಳಿಗೆ ವಿಷಯ ತಲುಪಿತು. ಶನಿವಾರ ಆ ದೊಡ್ಡ ಬ್ಯಾಂಕನ್ನೇ ನೇರವಾಗಿ ಸಂಪರ್ಕಿಸಿ ಈ ಟ್ರೇಡುಗಳು ನಿಮ್ಮವೇ ಎಂದು ಕೇಳಿದರು. ಅಲ್ಲ ಎಂಬ ಉತ್ತರ ಬಂತು.

ಒಂದೂವರೆ ವರ್ಷದ ಎಪ್ಪತ್ತು ಪ್ರಶ್ನೆಗಳು ಮಾಡದ್ದನ್ನು ಒಂದು ಫೋನ್ ಕರೆ ಮಾಡಿತು. ಟ್ರೇಡರನ್ನು ಬಿಟ್ಟು ಎದುರು ಪಕ್ಷವನ್ನು ಕೇಳಿದ್ದಷ್ಟೇ ವ್ಯತ್ಯಾಸ.

ಭಾನುವಾರ, ಜನವರಿ 20ರಂದು ಒಟ್ಟು ಸ್ಥಾನ ಸುಮಾರು 5,000 ಕೋಟಿ ಯೂರೋ ಎಂದು ಖಚಿತವಾಯಿತು. ಬ್ಯಾಂಕಿನ ಅಧ್ಯಕ್ಷ ಡೇನಿಯಲ್ ಬೂತೋನ್ ಫ್ರಾನ್ಸಿನ ಕೇಂದ್ರ ಬ್ಯಾಂಕಿನ ಗವರ್ನರ್ ಕ್ರಿಸ್ಟಿಯಾನ್ ನೊಯೆ ಅವರಿಗೆ ತಿಳಿಸಿದರು. ಸುದ್ದಿ ಹೊರಗೆ ಬಿಡದೆ ಸೋಮವಾರದಿಂದ ಬುಧವಾರದವರೆಗೆ ಎಲ್ಲವನ್ನೂ ಮಾರಿ ಹೊರಬರುವುದೆಂದು ತೀರ್ಮಾನವಾಯಿತು. ಆ ಸೋಮವಾರ ಜಗತ್ತಿನ ಪೇಟೆಗಳಿಗೆ ಕರಾಳ ದಿನ. ಡ್ಯಾಕ್ಸ್ ಶೇ 7ರಷ್ಟು ಬಿತ್ತು. ನಮ್ಮ ಸೆನ್ಸೆಕ್ಸ್ ಕೂಡ ಅಂದು 1,400ಕ್ಕೂ ಹೆಚ್ಚು ಅಂಶ ಕುಸಿದದ್ದು ಷೇರು ಹಿಡಿದಿದ್ದವರಿಗೆ ಮರೆತಿರಲಾರದು. ಅಮೆರಿಕದ ಹಿಂಜರಿತದ ಭಯ ಆಗಲೇ ಎಲ್ಲ ಕಡೆ ಇತ್ತು, ಹಾಗಾಗಿ ಆ ಕುಸಿತವನ್ನು ಈ ಬ್ಯಾಂಕಿನ ಮಾರಾಟದ ತಲೆಗೆ ಕಟ್ಟುವುದು ಸರಿಯಲ್ಲ. ಬೀಳುವ ಪೇಟೆಯಲ್ಲಿ ಮಾರಬೇಕಾದ ಗತಿ ಮಾತ್ರ ಅದರದ್ದು. ಮಾರಿ ಮುಗಿದಾಗ ನಷ್ಟ ಸುಮಾರು 640 ಕೋಟಿ. ಹಿಂದಿನ ವರ್ಷದ ಗುಪ್ತ ಲಾಭ ಕಳೆದು ಉಳಿದದ್ದೇ 490 ಕೋಟಿ ಯೂರೋ.

ನ್ಯಾಯಾಲಯ ಬರೆದ ಲೆಕ್ಕ

ಅದೇ ವರ್ಷದ ಜುಲೈನಲ್ಲಿ ಫ್ರಾನ್ಸಿನ ಬ್ಯಾಂಕಿಂಗ್ ನಿಯಂತ್ರಕ ಸಂಸ್ಥೆ ಸೊಸಿಯೆತೆ ಜೆನೆರಾಲ್‌ಗೆ 40 ಲಕ್ಷ ಯೂರೋ ದಂಡ ಹಾಕಿತು. ಕಾರಣ, ಆಂತರಿಕ ನಿಯಂತ್ರಣದ ಗಂಭೀರ ಲೋಪ. 2010ರ ಅಕ್ಟೋಬರ್‌ನಲ್ಲಿ ಕೆರ್ವಿಯೆಲ್‌ಗೆ ಐದು ವರ್ಷ ಸಜೆಯಾಯಿತು, ಅದರಲ್ಲಿ ಎರಡು ವರ್ಷ ಅಮಾನತು. ಜೊತೆಗೆ ಪೂರ್ತಿ 490 ಕೋಟಿ ಯೂರೋ ಬ್ಯಾಂಕಿಗೆ ಕಟ್ಟಿಕೊಡಬೇಕೆಂಬ ಆದೇಶ. ಮೇಲಧಿಕಾರಿಗಳಿಗೆ ಗೊತ್ತಿತ್ತು, ಲಾಭ ಬರುವವರೆಗೆ ಕಣ್ಣುಮುಚ್ಚಿಕೊಂಡಿದ್ದರು ಎಂಬುದು ಆತನ ವಾದ. ಬ್ಯಾಂಕು ಅದನ್ನು ಒಪ್ಪಲಿಲ್ಲ, ನ್ಯಾಯಾಲಯಗಳೂ ಅದರಿಂದ ಆತನ ಅಪರಾಧ ತೊಳೆದುಹೋಗುತ್ತದೆ ಎನ್ನಲಿಲ್ಲ. 2012ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. 2014ರಲ್ಲಿ ಅತ್ಯುನ್ನತ ನ್ಯಾಯಾಲಯ ಸಜೆಯನ್ನು ಎತ್ತಿಹಿಡಿದು ಪರಿಹಾರದ ಮೊತ್ತವನ್ನು ಮಾತ್ರ ತಳ್ಳಿಹಾಕಿತು: ನಷ್ಟ ಬೆಳೆಯಲು ಬ್ಯಾಂಕಿನ ತಪ್ಪೂ ಕಾರಣವಾಗಿದ್ದರೆ ಅದನ್ನೂ ತೂಗಬೇಕು. ತೂಗಿದ ವರ್ಸೇಲ್ಸ್ ನ್ಯಾಯಾಲಯ 2016ರ ಸೆಪ್ಟೆಂಬರ್‌ನಲ್ಲಿ ಕೆರ್ವಿಯೆಲ್ ಕೊಡಬೇಕಾದ ಮೊತ್ತವನ್ನು 10 ಲಕ್ಷ ಯೂರೋಗೆ ಇಳಿಸಿತು.

490 ಕೋಟಿಯಿಂದ 10 ಲಕ್ಷಕ್ಕೆ. ಇದು ಆತನ ಬಗೆಗಿನ ಕನಿಕರವಲ್ಲ. ಮಿಡಲ್ ಆಫೀಸ್, ಬ್ಯಾಕ್ ಆಫೀಸ್, ಕಂಪ್ಲಯನ್ಸ್ ಎಂದು ಫಲಕ ಹಾಕಿ ಸಂಬಳ ಕೊಟ್ಟ ಮಾತ್ರಕ್ಕೆ ಬ್ಯಾಂಕಿನ ಹೊಣೆ ಮುಗಿಯುವುದಿಲ್ಲ ಎಂಬ ತೀರ್ಪು.

ನಮ್ಮ ಕಡೆಯ ಮೇಜುಗಳು

ಈ ಪ್ರಕರಣ ಬೆಂಗಳೂರಿಗೆ ದೂರದ್ದಲ್ಲ. ಸೊಸಿಯೆತೆ ಜೆನೆರಾಲ್‌ಗೆ ಇಲ್ಲಿ ದೊಡ್ಡ ಕೇಂದ್ರವಿದೆ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಬಂತು, ಜೆಪಿ ಮಾರ್ಗನ್ ಇದೆ, ಇನ್ನೂ ಹಲವು ಇವೆ. ಇವುಗಳಲ್ಲಿ ಟ್ರೇಡ್ ಸಪೋರ್ಟ್, ಪ್ರಾಡಕ್ಟ್ ಕಂಟ್ರೋಲ್ (ಲಾಭ ನಷ್ಟದ ತಪಾಸಣೆ), ರೆಕಾನ್, ರಿಸ್ಕ್ ಲೆಕ್ಕ, ಇವನ್ನೆಲ್ಲ ನಡೆಸುವ ಸಾಫ್ಟ್‌ವೇರ್ ತಂಡಗಳು ಕೆಲಸ ಮಾಡುತ್ತವೆ. ಲಂಡನ್ನಿನ ಟ್ರೇಡರ್ ಹಾಕಿದ ಸಾಲನ್ನು ನಮ್ಮ ಹೊರವರ್ತುಲ ರಸ್ತೆಯ ಕಟ್ಟಡದಲ್ಲಿ ಕೂತ ಯಾರೋ ಒಬ್ಬರು ತಾಳೆ ನೋಡುತ್ತಿರುತ್ತಾರೆ. ಪ್ಯಾರಿಸ್‌ನಲ್ಲಿ ಕೇಳುವವರಿಗೂ ಟ್ರೇಡರಿಗೂ ನಡುವೆ ಇದ್ದದ್ದು ಅಂತಸ್ತು ಮತ್ತು ಸಂಬಳದ ಅಂತರ. ಇಲ್ಲಿ ಅದಕ್ಕೆ ಸಮುದ್ರ, ಸಮಯದ ವ್ಯತ್ಯಾಸ, ಭಾಷೆಯ ಅಳುಕು ಸೇರಿಕೊಳ್ಳುತ್ತವೆ. ‘ದೊಡ್ಡವರು ಹೇಳಿದ್ದಾರಲ್ಲ, ಸರಿ ಇರಬಹುದು’ ಎನ್ನುವ ಮಾತು ನಾಲಿಗೆಗೆ ಬೇಗ ಬರುತ್ತದೆ. ಆಪರೇಷನ್ಸ್ ಎಂದರೆ ಎರಡನೇ ದರ್ಜೆಯ ಕೆಲಸ ಎಂದು ಅಲ್ಲಿರುವವರೇ ನಂಬಿದರೆ ಈ ಅಳುಕು ಇನ್ನೂ ಗಟ್ಟಿಯಾಗುತ್ತದೆ. ಕೆರ್ವಿಯೆಲ್ ಮಾಡಿದ್ದನ್ನು ಹಿಡಿಯಬಲ್ಲ ಸ್ಥಾನದಲ್ಲಿದ್ದವರು ಈ ಕೆಲಸದವರೇ.

ಹೊಸದಾಗಿ ಸೇರುವವರು ಈ ಪ್ರಕರಣದಿಂದ ಕೆಲವು ಅಭ್ಯಾಸಗಳನ್ನಾದರೂ ಕೈಗೆ ತೆಗೆದುಕೊಳ್ಳಬೇಕು ಎಂಬುದು ನನ್ನ ಆಸೆ. ಬ್ರೇಕಿಗೆ ಕಾರಣ ಟ್ರೇಡರ್ ಹೇಳಬಹುದು, ಪುರಾವೆ ಮಾತ್ರ ಎದುರು ಪಕ್ಷದಿಂದಲೇ ಬರಬೇಕು, ಅದೂ ಟ್ರೇಡರ್ ಕೊಟ್ಟ ಇಮೇಲ್ ವಿಳಾಸದಿಂದಲ್ಲ, ಬ್ಯಾಂಕಿನ ದಾಖಲೆಯಲ್ಲಿ ಮೊದಲೇ ಇರುವ ಸಂಪರ್ಕದಿಂದ. ರದ್ದು ಮಾಡಿದ್ದರಿಂದ ಮಾಯವಾದ ಬ್ರೇಕನ್ನು ತೀರಿದ್ದು ಎಂದು ಗುರುತು ಹಾಕಬಾರದು. ಅದೇ ಹೆಸರಿನಲ್ಲಿ ಹಿಂದೆ ಎಷ್ಟು ರದ್ದಾಗಿವೆ ಎಂದು ತಿರುಗಿ ನೋಡಬೇಕು. ಎರಡನೇ ಸಲವೂ ವಿವರಣೆ ಅರ್ಥವಾಗದಿದ್ದರೆ ತನಗೆ ತಿಳಿವಳಿಕೆ ಸಾಲದು ಎಂದು ಸುಮ್ಮನಾಗದೆ ತನ್ನ ಮ್ಯಾನೇಜರಿಗೆ ಬರಹದಲ್ಲಿ ತಿಳಿಸಬೇಕು. ಇದಕ್ಕೆ ಪ್ರತಿಯಾಗಿ ಮ್ಯಾನೇಜರು ಮಾಡಬೇಕಾದದ್ದೂ ಇದೆ: ಸಂಜೆಯ ಪಟ್ಟಿಯಲ್ಲಿ ಎಷ್ಟು ಬ್ರೇಕ್ ತೀರಿದವು ಎಂಬುದರ ಪಕ್ಕದಲ್ಲೇ, ಎಷ್ಟನ್ನು ಒಪ್ಪದೆ ಹಿಡಿದಿಟ್ಟರು ಎಂಬುದಕ್ಕೂ ಬೆಲೆ ಕೊಡಬೇಕು.

ರಜೆಯ ವಿಷಯ ಸಣ್ಣದೆನಿಸುತ್ತದೆ, ಆದರೆ ಸಣ್ಣದಲ್ಲ. ಕೆರ್ವಿಯೆಲ್ 2007ರಲ್ಲಿ ತೆಗೆದುಕೊಂಡ ರಜೆ ನಾಲ್ಕೇ ದಿನ. ದಿನವೂ ಸಾಲುಗಳನ್ನು ರದ್ದು ಮಾಡಿ ಮತ್ತೆ ಬರೆಯಬೇಕಾದವನು ಕುರ್ಚಿ ಬಿಟ್ಟು ಏಳಲಾರ. ಬೇರೊಬ್ಬರು ಎರಡು ವಾರ ಆ ಪುಸ್ತಕ ನೋಡಿಕೊಂಡರೆ ಸುಳ್ಳು ತಾನಾಗಿ ಮೇಲೆ ಬರುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಟ್ರೆಷರಿಯಂಥ (ಬ್ಯಾಂಕಿನ ಸ್ವಂತ ಹಣ ನಿರ್ವಹಿಸುವ ವಿಭಾಗ) ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಕೊಡದೆ, ಕನಿಷ್ಠ 10 ಕೆಲಸದ ದಿನ ಒಂದೇ ಸಮನೆ ರಜೆಯ ಮೇಲೆ ಕಳಿಸಲೇಬೇಕು. ಆ ದಿನಗಳಲ್ಲಿ ಅವರು ದೂರದಿಂದಲೂ ಕೆಲಸದ ಸಿಸ್ಟಮ್ ಮುಟ್ಟುವಂತಿಲ್ಲ.